ಎರಡು ಹಾರ್ಡ್ ಡಿಸ್ಕ್ ಜೋಡಿಸಿದರೆ ಮನೆ ಕಂಪ್ಯೂಟರ್ ಜೋರಾಗುತ್ತಾ?

ನನ್ನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಇದೆ. ತಂಗಿಯ ಮದುವೆ ಫೋಟೋಗಳು. ಒಂದೊಂದೂ ಅಂಚೆ ಚೀಟಿಯಷ್ಟಿದೆ. 160 ಚುಕ್ಕಿ ಅಗಲ, 120 ಚುಕ್ಕಿ ಎತ್ತರ. ಧಾರೆ ಎರೆಯುತ್ತಿದ್ದಾರೆ ಅಂತ ತಿಳಿಯುತ್ತದೆ, ಪಕ್ಕದಲ್ಲಿ ನಿಂತವರು ಯಾರು ಅಂತ ತಿಳಿಯುವುದಿಲ್ಲ. ಅದೂ ತೆಗೆದ ಫೋಟೋಗಳಲ್ಲಿ ಸುಮಾರು ಅರ್ಧ ಮಾತ್ರ. ಉಳಿದರ್ಧಕ್ಕೆ ಈ ಚೂರೂ ಇಲ್ಲ.

ಯಾಕೆ ಅರ್ಧ? ಸಿಕ್ಕವು ಯಾಕೆ ಇಷ್ಟು ಚಿಕ್ಕವು? ಎರಡಕ್ಕೂ ಸರಿಯಾದ ಲೆಕ್ಕ ಇದೆ. ಸ್ವಲ್ಪ ಮುಂದೆ ಹೇಳುತ್ತೇನೆ.

ಇದೆಲ್ಲ ಮತ್ತೆ ನೆನಪಾಗಿದ್ದು ನಮ್ಮ ಓಣಿಯ ಒಬ್ಬ ಹುಡುಗನಿಂದ. ಬಳ್ಳಾರಿಯಲ್ಲಿ ಮದುವೆ, ಸೀಮಂತ, ಗೃಹಪ್ರವೇಶಗಳ ವಿಡಿಯೋ ಮಾಡುತ್ತಾನೆ. ಎಡಿಟಿಂಗ್ ಎಲ್ಲ ಮನೆಯ ಕಂಪ್ಯೂಟರಿನಲ್ಲೇ. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಒಗ್ಗರಣೆ ಮಿರ್ಚಿ ಅಂಗಡಿ ಮುಂದೆ ಸಿಕ್ಕವನು, "ಅಣ್ಣಾ, ಎರಡು ಹಾರ್ಡ್ ಡಿಸ್ಕ್ ಜೋಡಿಸಿಬಿಟ್ರೆ ಸ್ಪೀಡು ಡಬಲ್ ಆಗ್ತೈತಂತಲ್ಲ, ಮಾಡಿಕೊಡ್ತೀರೇನು?" ಅಂದ. ಬಹಳ ವರ್ಷಗಳ ಹಿಂದೆ ನಾನೂ ಹೀಗೇ ಆಸೆಪಟ್ಟಿದ್ದೆ. ಮಾಡಿಯೂ ಬಿಟ್ಟಿದ್ದೆ.

ಅವನು ಕೇಳಿದ್ದಕ್ಕೆ ರೇಡ್ 0 ಅಂತ ಹೆಸರು, ಸ್ಟ್ರೈಪಿಂಗ್ ಅಂತಲೂ ಕರೆಯುತ್ತಾರೆ. ಎರಡು ಡಿಸ್ಕ್ ಸೇರಿಸಿ ಕಂಪ್ಯೂಟರಿಗೆ ಒಂದೇ ದೊಡ್ಡ ಡಿಸ್ಕ್ ಅಂತ ತೋರಿಸುವುದು. ಫೈಲ್ ಬರೆಯುವಾಗ ಅದನ್ನು ತುಂಡು ಮಾಡುತ್ತದೆ. ಮೊದಲ ತುಂಡು ಒಂದನೇ ಡಿಸ್ಕಿಗೆ, ಎರಡನೇ ತುಂಡು ಎರಡನೇ ಡಿಸ್ಕಿಗೆ, ಮೂರನೆಯದು ಮತ್ತೆ ಒಂದನೆಯದಕ್ಕೆ. ಪಂಕ್ತಿಯಲ್ಲಿ ಇಬ್ಬರು ಬಡಿಸಿದ ಹಾಗೆ. ತುಂಡಿನ ಅಳತೆ ಸಾಮಾನ್ಯವಾಗಿ 64 ಅಥವಾ 128 ಕೆಬಿ ಇರುತ್ತದೆ.

ಬಳ್ಳಾರಿಯವರಿಗೆ ಜೀನ್ಸ್ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಇಬ್ಬರು ಟೈಲರ್ ಇದ್ದಾರೆ ಅಂದುಕೊಳ್ಳಿ. ಒಬ್ಬ ಎಡಗಾಲು ಮಾತ್ರ ಹೊಲಿಯುತ್ತಾನೆ, ಇನ್ನೊಬ್ಬ ಬಲಗಾಲು. ನಿಜವಾದ ಘಟಕಗಳಲ್ಲಿ ಕೆಲಸ ಹಂಚುವುದು ಬೇರೆ ಥರ, ಇದು ಸುಮ್ನೆ ಲೆಕ್ಕಕ್ಕೆ. ಸಾವಿರ ಪ್ಯಾಂಟಿನ ಆರ್ಡರ್ ಬಂದರೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಇಲ್ಲಿಯವರೆಗೆ ಚೆನ್ನ. ಆದರೆ ಒಂದು ರಾತ್ರಿ ಬಲಗಾಲಿನ ಮೂಟೆಗೆ ಬೆಂಕಿ ಬಿತ್ತು ಅನ್ನಿ. ಆಗ ನಿಮ್ಮ ಹತ್ತಿರ ಐನೂರು ಪ್ಯಾಂಟ್ ಉಳಿಯುವುದಿಲ್ಲ. ಸಾವಿರ ಎಡಗಾಲು ಉಳಿಯುತ್ತವೆ.

ರೇಡ್ ಅನ್ನುವ ಹೆಸರು ಬಂದಿದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ. ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಅನ್ನುವ ಮೂವರು 1988ರಲ್ಲಿ ಒಂದು ಪ್ರಬಂಧ ಮಂಡಿಸಿದರು. ಭಾರಿ ಬೆಲೆಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕ್ ಜೋಡಿಸೋಣ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಹೆಚ್ಚುವರಿ ಪ್ರತಿಯನ್ನೋ ಲೆಕ್ಕವನ್ನೋ ಇಟ್ಟುಕೊಳ್ಳೋಣ ಅನ್ನುವುದು ಅವರ ಮಾತು. ರೇಡ್ ಅನ್ನುವುದರ ಮೊದಲ ಇಂಗ್ಲಿಷ್ ಅಕ್ಷರ 'ಆರ್', ಅಂದರೆ ರಿಡಂಡಂಟ್, ಆ 'ಹೆಚ್ಚುವರಿ'ಯನ್ನು ಹೇಳುತ್ತದೆ. ಅವರು ಹೇಳಿದ ಮಟ್ಟಗಳು ಒಂದರಿಂದ ಐದು. ಸೊನ್ನೆ ಅವರ ಪಟ್ಟಿಯಲ್ಲಿ ಇರಲೇ ಇಲ್ಲ, ಆಮೇಲೆ ಸೇರಿಕೊಂಡಿದ್ದು. ಹೆಚ್ಚುವರಿ ರಕ್ಷಣೆ ಎಷ್ಟು ಅಂದರೆ ಸೊನ್ನೆ. ಹೆಸರಿಟ್ಟವರು ಪ್ರಾಮಾಣಿಕರು ಅನ್ನಬೇಕು.

ಈಗ ವೇಗದ ಮಾತು. ಇಲ್ಲಿಯೇ ಎಲ್ಲರೂ ಎಡವುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆ ಇದೆ, ಅದರ ಮೇಲೆ ಓಡಾಡುವ ತೋಳು ಇದೆ. ಹಳೇ ಗ್ರಾಮಫೋನ್ ನೆನಪಿಸಿಕೊಳ್ಳಿ. ಒಂದು ಫೈಲ್ ಬೇಕು ಅಂದಾಗ ತೋಳು ಮೊದಲು ಆ ಸಾಲಿಗೆ ಹೋಗಬೇಕು. ಇದಕ್ಕೆ ಸುಮಾರು 8 ಮಿಲಿಸೆಕೆಂಡ್. ಆಮೇಲೆ ಬೇಕಾದ ಜಾಗ ತಿರುಗಿ ತೋಳಿನ ಕೆಳಗೆ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಹಿಡಿಯುತ್ತದೆ. ಸರಾಸರಿ ಅರ್ಧ ಸುತ್ತು ಕಾಯಬೇಕು ಅಂದರೆ 4 ಮಿಲಿಸೆಕೆಂಡ್ ಮೇಲೆ ಚೂರು. ಎರಡೂ ಕೂಡಿಸಿದರೆ 12 ಮಿಲಿಸೆಕೆಂಡ್ ದಾಟುತ್ತದೆ. ಓದುವ ಕೆಲಸ ಇನ್ನೂ ಶುರುವೇ ಆಗಿಲ್ಲ ನೋಡಿ.

ಓದಲು ಶುರು ಮಾಡಿದ ಮೇಲೆ ಮಾತ್ರ ಡಿಸ್ಕ್ ಜೋರು. ಈಗಿನ ಒಳ್ಳೆಯ 7200 ಸುತ್ತಿನ ಡಿಸ್ಕ್ ಸೆಕೆಂಡಿಗೆ 150ರಿಂದ 250 ಎಂಬಿ ತನಕ ಓದುತ್ತದೆ. ಅಂದರೆ 4 ಕೆಬಿಯ ಒಂದು ಸಣ್ಣ ಫೈಲನ್ನು ಓದಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಹೊತ್ತು ಹೋಗುವುದೆಲ್ಲ ಅದನ್ನು ಹುಡುಕಿಕೊಂಡು ಹೋಗುವುದರಲ್ಲಿ.

ಕಂಪ್ಯೂಟರ್ ಆನ್ ಆಗುವಾಗ, ಬ್ರೌಸರ್ ತೆರೆದುಕೊಳ್ಳುವಾಗ, ಆಂಟಿವೈರಸ್ ಓಡುವಾಗ ಡಿಸ್ಕಿಗೆ ಬರುವುದು ಸಾವಿರಾರು ಇಂಥ ಸಣ್ಣ ಸಣ್ಣ ಬೇಡಿಕೆಗಳು. 10,000 ಬೇಡಿಕೆ ಒಂದರ ಹಿಂದೆ ಒಂದು ಬಂದವು ಅನ್ನಿ. ಒಂದೊಂದಕ್ಕೆ 12 ಮಿಲಿಸೆಕೆಂಡ್ ಅಂದರೆ ಎರಡು ನಿಮಿಷ. ಈಗ ಎರಡು ಡಿಸ್ಕ್ ಜೋಡಿಸಿ. 64 ಕೆಬಿಗಿಂತ ಸಣ್ಣ ಫೈಲ್ ಹೆಚ್ಚಾಗಿ ಒಂದೇ ಡಿಸ್ಕಿನ ಮೇಲೆ ಕೂತಿರುತ್ತದೆ. ಅದಕ್ಕೆ ಆ ಡಿಸ್ಕಿನ ತೋಳೇ ಹೋಗಬೇಕು. ಇನ್ನೊಂದು ಡಿಸ್ಕ್ ಸುಮ್ಮನೆ ನಿಂತು ನೋಡುತ್ತದೆ. ಎರಡು ನಿಮಿಷ ಹೆಚ್ಚು ಕಡಿಮೆ ಎರಡು ನಿಮಿಷವೇ ಆಗಿ ಉಳಿಯುತ್ತದೆ. ಟೈಲರ್ ಇಬ್ಬರಿದ್ದರೇನಂತೆ, ಕೌಲ್ ಬಜಾರಿಗೆ ಹೋಗಿ ಒಂದು ಗುಂಡಿ ತರುವ ಹೊತ್ತು ಅಷ್ಟೇ.

ಇನ್ನೊಂದು ಸ್ವಾರಸ್ಯ ಇದೆ. ಫೈಲ್ ಸ್ವಲ್ಪ ದೊಡ್ಡದಾಗಿ ಎರಡೂ ಡಿಸ್ಕಿನಲ್ಲಿ ಹರಡಿದ್ದರೆ ಎರಡೂ ತೋಳು ತಮ್ಮ ಜಾಗ ಮುಟ್ಟಬೇಕು. ತಡವಾಗಿ ಬಂದವನಿಗಾಗಿ ಮೊದಲು ಬಂದವನು ಕಾಯಬೇಕು. ಒಂದು ಡಿಸ್ಕ್ ಇದ್ದಾಗ ಸರಾಸರಿ ಅರ್ಧ ಸುತ್ತು ಕಾಯುತ್ತಿದ್ದೆವು. ಎರಡಿದ್ದಾಗ ಸರಾಸರಿ ಮೂರರಲ್ಲಿ ಎರಡು ಪಾಲು ಸುತ್ತು ಕಾಯಬೇಕಾಗುತ್ತದೆ, ಅಂದರೆ 4.2ರ ಜಾಗದಲ್ಲಿ 5.6 ಮಿಲಿಸೆಕೆಂಡ್. ವೇಗಕ್ಕೆ ಅಂತ ಜೋಡಿಸಿದ್ದು ಇಲ್ಲಿ ಒಂದಿಷ್ಟು ನಿಧಾನವೇ ಆಯಿತು.

ಹಾಗಂತ ಲಾಭವೇ ಇಲ್ಲ ಅಂತಲ್ಲ. ಹತ್ತಾರು ಬೇಡಿಕೆ ಒಟ್ಟಿಗೆ ಬಂದು ಸಾಲು ನಿಂತರೆ ಎರಡು ಡಿಸ್ಕ್ ಹಂಚಿಕೊಳ್ಳುತ್ತವೆ. ಸರ್ವರುಗಳಲ್ಲಿ ನಡೆಯುವುದು ಅದೇ. ಮನೆಯಲ್ಲಿ ಒಬ್ಬರು ಕೂತು ಬಳಸುವ ಯಂತ್ರದಲ್ಲಿ ಅಷ್ಟು ಉದ್ದದ ಸಾಲು ಅಪರೂಪ. ಇನ್ನು ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗ, ಬರೆಯುವಾಗ ವೇಗ ನಿಜಕ್ಕೂ ಎರಡು ಪಟ್ಟಿನ ಹತ್ತಿರ ಬರುತ್ತದೆ. ವೇಗ ಅಳೆಯುವ ಸಾಫ್ಟ್‌ವೇರ್‌ಗಳು ಮೊದಲು ತೋರಿಸುವುದು ಇದನ್ನೇ. ನಾನು ಆ ಕಾಲದಲ್ಲಿ 500 ಜಿಬಿಯ ಎರಡು ಡಿಸ್ಕ್ ಜೋಡಿಸಿದಾಗ ಮೀಟರು ಸೆಕೆಂಡಿಗೆ 190 ಎಂಬಿ ತೋರಿಸಿತ್ತು. ಒಂದೇ ಇದ್ದಾಗ 100 ದಾಟುತ್ತಿರಲಿಲ್ಲ. ಆ ಚಿತ್ರವನ್ನು ಗೆಳೆಯರಿಗೆಲ್ಲ ತೋರಿಸಿಕೊಂಡು ತಿರುಗಿದ್ದೆ. ವಿಂಡೋಸ್ ಮಾತ್ರ ಮೊದಲಿನಷ್ಟೇ ಹೊತ್ತಿಗೆ ಆನ್ ಆಗುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

"ನನ್ನದು ದೊಡ್ಡ ಫೈಲೇ ಅಲ್ವಾ ಅಣ್ಣಾ" ಅಂದ ಹುಡುಗ. ಸರಿಯಾದ ಮಾತು. ಅವನ ಕೆಲಸವನ್ನೇ ಲೆಕ್ಕ ಹಾಕೋಣ.

ಒಂದು ಮದುವೆಗೆ 100 ಜಿಬಿ ವಿಡಿಯೋ ಅಂದುಕೊಳ್ಳಿ. ಸೆಕೆಂಡಿಗೆ 150 ಎಂಬಿ ವೇಗದ ಒಂದು ಡಿಸ್ಕ್ ಇದನ್ನು 11 ನಿಮಿಷದಲ್ಲಿ ಬರೆಯಬಲ್ಲದು, ಎರಡು ಜೋಡಿಸಿದರೆ ಐದೂವರೆ. ಆದರೆ ವಿಡಿಯೋ ಬರುವುದು ಎಲ್ಲಿಂದ? ಕ್ಯಾಮೆರಾದ ಎಸ್‌ಡಿ ಕಾರ್ಡಿನಿಂದ. ಯುಎಚ್‌ಎಸ್-1 ಅನ್ನುವ ಸಾಮಾನ್ಯ ಕಾರ್ಡುಗಳ ದಾರಿಯ ಮಿತಿಯೇ ಸೆಕೆಂಡಿಗೆ 104 ಎಂಬಿ. 90 ಬಂದರೂ 18 ನಿಮಿಷದ ಮೇಲೆ ಹಿಡಿಯುತ್ತದೆ. ಒಂದು ಡಿಸ್ಕ್ ಇರಲಿ, ಎರಡಿರಲಿ, ನಾಲ್ಕಿರಲಿ, ಅಷ್ಟೇ. ಕಾಲುವೆಯ ತೂಬು ಸಣ್ಣದಿದ್ದರೆ ಗದ್ದೆ ಎಷ್ಟು ಅಗಲ ಇದ್ದರೇನು? ಒಂದು ಗಿಗಾಬಿಟ್ ನೆಟ್‌ವರ್ಕ್ ತಂತಿಯ ಮೂಲಕ ಕಳಿಸಿದರೂ 125 ಎಂಬಿ ದಾಟುವುದಿಲ್ಲ.

ಎಡಿಟಿಂಗ್ ಮಾಡುವಾಗ? ಅವನ ಕ್ಯಾಮೆರಾ 4ಕೆ ವಿಡಿಯೋವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಬರೆಯುತ್ತದೆ. ಬಿಟ್ ಬೇರೆ, ಬೈಟ್ ಬೇರೆ. ಎಂಟರಿಂದ ಭಾಗಿಸಿದರೆ 12.5 ಎಂಬಿ. ಒಂದೇ ಡಿಸ್ಕ್ ಇದನ್ನು ಆರಾಮಾಗಿ ಓದುತ್ತದೆ. ನಾಲ್ಕು ಕ್ಯಾಮೆರಾದ ಚಿತ್ರ ಒಟ್ಟಿಗೆ ಓಡಿಸಿದರೂ 50 ಎಂಬಿ ಅಷ್ಟೇ, ಕಾಗದದ ಮೇಲೆ ಸುಲಭ. ತೊಂದರೆ ಬೇರೆ ಕಡೆ ಇದೆ. ನಾಲ್ಕು ಫೈಲ್ ನಾಲ್ಕು ಕಡೆ ಇರುವುದರಿಂದ ತೋಳು ಒಂದೇ ಸಮನೆ ಅತ್ತಿತ್ತ ಹಾರಬೇಕು. ಆಗ ಚಿತ್ರ ತಡವರಿಸುತ್ತದೆ. ಇಲ್ಲಿ ಎರಡು ಡಿಸ್ಕ್ ಜೋಡಿಸಿದರೆ ಸ್ವಲ್ಪ ಅನುಕೂಲ ಆಗುವುದು ನಿಜ. ಆದರೆ ಚಿಪ್‌ಗಳಲ್ಲೇ ಡೇಟಾ ಇಡುವ, ಹಾರಾಟವೇ ಇಲ್ಲದ ಎಸ್‌ಎಸ್‌ಡಿ ಇದ್ದರೆ ಈ ರೋಗವೇ ಇಲ್ಲ. ಅವನ ಕಂಪ್ಯೂಟರ್ ಇನ್ನೂ ತಡವರಿಸುತ್ತಿದ್ದುದಕ್ಕೆ ಅರ್ಧ ಕಾರಣ ಪ್ರೊಸೆಸರ್. ಒತ್ತಿ ಸಣ್ಣದು ಮಾಡಿದ ವಿಡಿಯೋವನ್ನು ಬಿಚ್ಚುವುದು ಡಿಸ್ಕಿನ ಕೆಲಸ ಅಲ್ಲ. ಅದಕ್ಕೆ ಪ್ರಾಕ್ಸಿ ಮಾಡಿಕೊಂಡರೆ, ಅಂದರೆ ಎಡಿಟಿಂಗ್‌ಗೆ ಮಾತ್ರ ಹಗುರವಾದ ನಕಲು ಇಟ್ಟುಕೊಂಡರೆ, ಹೆಚ್ಚು ಗುಣ.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಒಂದು ಬೇಡಿಕೆಗೆ ಸುಮಾರು 0.1 ಮಿಲಿಸೆಕೆಂಡ್, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಆಗಿನ 10,000 ಬೇಡಿಕೆ ನೆನಪಿದೆಯಲ್ಲ? ಎರಡು ನಿಮಿಷದ್ದು ಒಂದು ಸೆಕೆಂಡಿಗೆ ಇಳಿಯಿತು. ಉಳಿದ ಹೊತ್ತು ಪ್ರೊಸೆಸರಿನದು. ಒಂದೇ ಸಮನೆ ಓದುವಾಗಲೂ ಹಾರ್ಡ್ ಡಿಸ್ಕಿನ ಥರದ್ದೇ ತಂತಿಗೆ ಸಿಕ್ಕಿಸುವ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಕೊಡುತ್ತದೆ. ಇನ್ನೂ ವೇಗದ ದಾರಿ ಬಳಸುವ ಎನ್‌ವಿಎಂಇ ಆದರೆ 3,500, ಹೊಸದಾದರೆ 7,000 ಅಥವಾ ಅದಕ್ಕೂ ಮೇಲೆ. ಎರಡು ಹಾರ್ಡ್ ಡಿಸ್ಕ್ ಜೋಡಿಸಿ ಮುಟ್ಟುವ ವೇಗವನ್ನು ಒಂದು ಸಾದಾ ಎಸ್‌ಎಸ್‌ಡಿ ದಾಟಿ ಹೋಗಿಬಿಟ್ಟಿದೆ. 2008ರ ಸುಮಾರಿಗೆ ಎಸ್‌ಎಸ್‌ಡಿ ಅಂದರೆ ಶ್ರೀಮಂತರ ವಸ್ತು, ಆಗ ರೇಡ್ 0 ಬಗ್ಗೆ ವಾದ ಮಾಡುವುದಕ್ಕೆ ಅರ್ಥ ಇತ್ತು. ಈಗ ಆ ವಾದದ ನೆಲವೇ ಕುಸಿದಿದೆ ಅಂತ ನನ್ನ ಅನಿಸಿಕೆ.

ಎರಡು ಎಸ್‌ಎಸ್‌ಡಿ ಜೋಡಿಸಿದರೆ? ಮೀಟರಿನಲ್ಲಿ ಅಂಕಿ ಏರುತ್ತದೆ. ಕುರ್ಚಿಯಲ್ಲಿ ಕೂತವರಿಗೆ ಗೊತ್ತಾಗುವುದು ಕಷ್ಟ.

ಈಗ ತಂಗಿಯ ಮದುವೆಗೆ ಬರೋಣ.

ಆಗ ನಮ್ಮ ಫೋಟೋಗಳು ಒಂದೊಂದು ಸುಮಾರು 4 ಎಂಬಿ ಇದ್ದವು. 64 ಕೆಬಿಯ ತುಂಡು ಮಾಡಿದರೆ 64 ತುಂಡು. 32 ಈ ಡಿಸ್ಕಿನಲ್ಲಿ, 32 ಆ ಡಿಸ್ಕಿನಲ್ಲಿ. ಮದುವೆಯಾದ ಮರುವರ್ಷದ ಬೇಸಿಗೆಯಲ್ಲಿ ಒಂದು ಡಿಸ್ಕ್ ಟಿಕ್ ಟಿಕ್ ಅನ್ನಲು ಶುರು ಮಾಡಿತು. ಮೂರನೇ ದಿನ ಕಂಪ್ಯೂಟರ್ ಆನ್ ಆಗಲಿಲ್ಲ. ಇನ್ನೊಂದು ಡಿಸ್ಕ್ ಗಟ್ಟಿಮುಟ್ಟಾಗಿಯೇ ಇತ್ತು. ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಅಳಿಸಿಹೋದ ಫೈಲ್ ಹುಡುಕುವ ಸಾಫ್ಟ್‌ವೇರ್ ಓಡಿಸಿದೆ. ಅದರೊಳಗೆ ಪ್ರತಿ ಫೋಟೋದ ಒಂದು ಬಿಟ್ಟು ಒಂದು ತುಂಡು ಇತ್ತು. ಎಡಗಾಲುಗಳ ಮೂಟೆ. ಸಾಲು ಬಿಟ್ಟು ಸಾಲು ಹರಿದ ಪತ್ರವನ್ನಾದರೂ ಊಹೆಯಲ್ಲಿ ಓದಬಹುದು, ಜೆಪೆಗ್ ಅನ್ನುವ ಫೋಟೋ ಫೈಲ್ ಹಾಗಲ್ಲ. ಹಿಂದಿನ ತುಂಡು ಇಲ್ಲದೆ ಮುಂದಿನದು ಬಿಚ್ಚಿಕೊಳ್ಳುವುದಿಲ್ಲ.

ಆದರೆ ಕ್ಯಾಮೆರಾ ಪ್ರತಿ ಫೋಟೋದ ಶುರುವಿನಲ್ಲಿ ಅದರದೇ ಒಂದು ಪುಟ್ಟ ನಕಲು ಇಟ್ಟಿರುತ್ತದೆ, ಹಿಂದಿನ ತೆರೆಯ ಮೇಲೆ ಬೇಗ ತೋರಿಸಲಿಕ್ಕೆ. 160 ಗುಣಿಸು 120. ಇದು ಮೊದಲ 64 ಕೆಬಿಯ ಒಳಗೇ ಬರುತ್ತದೆ. ಯಾವ ಫೋಟೋದ ಮೊದಲ ತುಂಡು ಉಳಿದ ಡಿಸ್ಕಿನಲ್ಲಿತ್ತೋ ಅದರ ಅಂಚೆ ಚೀಟಿ ಸಿಕ್ಕಿತು. ಅದೃಷ್ಟದ ಪಾಲು ಅರ್ಧರ್ಧ. ಹಾಗಾಗಿ ಅರ್ಧ.

ಪುಣ್ಯಕ್ಕೆ ಸ್ಟುಡಿಯೋದವರು ಕೊಟ್ಟ ಆಲ್ಬಮ್ ಮನೆಯಲ್ಲಿದೆ. ಹೋದದ್ದು ನಾನು ತೆಗೆದಿದ್ದು, ಅಡುಗೆಮನೆ, ಚಪ್ಪರದ ಹಿಂದೆ, ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದುದು, ಇಂಥವು. ಆಲ್ಬಮ್ಮಿನಲ್ಲಿ ಅಂಥವು ಇರುವುದಿಲ್ಲ.

ಡಿಸ್ಕ್ ಕೆಡುವುದು ಹೊಸದಲ್ಲ. ಜೋಡಿಸಿದಾಗ ಆ ಸಂಭವ ಎಷ್ಟು ಹೆಚ್ಚುತ್ತದೆ ಅನ್ನುವುದನ್ನು ನೋಡಿ. ಲೆಕ್ಕಕ್ಕೆ, ವರ್ಷಕ್ಕೆ ನೂರರಲ್ಲಿ 3 ಡಿಸ್ಕ್ ಕೆಡುತ್ತವೆ ಅಂತ ಇಟ್ಟುಕೊಳ್ಳಿ. ಎರಡು ಜೋಡಿಸಿದರೆ, ಎರಡರಲ್ಲಿ ಯಾವುದೋ ಒಂದು ಕೆಟ್ಟರೂ ಸಾಕು, ಎಲ್ಲ ಹೋಗುತ್ತದೆ. ಹಾಗೆ ಆಗುವ ಸಂಭವ ನೂರಕ್ಕೆ 5.9. ನಾಲ್ಕು ಜೋಡಿಸಿದರೆ 11.5. ಅದೇ ಎರಡು ಡಿಸ್ಕನ್ನು ಬೇರೆ ಬೇರೆ ಇಟ್ಟುಕೊಂಡಿದ್ದರೆ ಒಂದು ಕೆಟ್ಟಾಗ ಅರ್ಧವಾದರೂ ಉಳಿಯುತ್ತಿತ್ತು.

ನಮ್ಮ ಕಡೆಯವರಿಗೆ 2024ರ ಆಗಸ್ಟ್ 10ರ ರಾತ್ರಿ ನೆನಪಿರುತ್ತದೆ. ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಗೇಟುಗಳು ಜಾಸ್ತಿ ಇದ್ದಷ್ಟೂ ನೀರು ಬೇಗ ಬಿಡಬಹುದು. ಎಲ್ಲೋ ಒಂದು ಕೈಕೊಡುವ ಸಂಭವವೂ ಜಾಸ್ತಿ. ಆದರೂ ಅಲ್ಲಿ ಉಳಿದ 32 ಗೇಟು ನಿಂತವು. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿದರು. ಎರಡನೇ ಬೆಳೆಗೆ ನೀರು ಸಿಗುತ್ತಾ ಅಂತ ಸಿಂಧನೂರು, ಗಂಗಾವತಿ, ಸಿರುಗುಪ್ಪದ ರೈತರು ಉಸಿರು ಹಿಡಿದು ಕಾದಿದ್ದರು. ರೇಡ್ 0ದಲ್ಲಿ ಇಳಿಸಲಿಕ್ಕೆ ಸ್ಟಾಪ್‌ಲಾಗ್ ಇಲ್ಲ. ಒಂದು ಗೇಟು ಹೋದರೆ ಅಣೆಕಟ್ಟೇ ಹೋದಂತೆ.

ಡಿಸ್ಕ್ ಚೆನ್ನಾಗಿದ್ದರೂ ಬೇರೆ ಕಡೆಯಿಂದ ಪೆಟ್ಟು ಬೀಳಬಹುದು. ಮನೆ ಕಂಪ್ಯೂಟರಿನಲ್ಲಿ ರೇಡ್ ಮಾಡುವವರು ಹೆಚ್ಚಾಗಿ ಮದರ್‌ಬೋರ್ಡಿನ ಬಯಾಸ್‌ನಲ್ಲಿರುವ, ಅಂದರೆ ಆನ್ ಮಾಡಿದಾಗ ಮೊದಲು ಓಡುವ ಸಾಫ್ಟ್‌ವೇರ್‌ನಲ್ಲಿರುವ, ಸೌಲಭ್ಯವನ್ನೇ ಬಳಸುತ್ತಾರೆ. ಯಾವ ತುಂಡು ಎಲ್ಲಿ ಅನ್ನುವ ಲೆಕ್ಕ ಆ ಬೋರ್ಡಿನ ಕಂಪನಿಯ ಪದ್ಧತಿಯಲ್ಲಿ ಇರುತ್ತದೆ. ಬೋರ್ಡ್ ಸುಟ್ಟರೆ ಅದೇ ಜಾತಿಯ ಬೋರ್ಡ್ ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಬೇಕು. ಲಿನಕ್ಸ್‌ನ ರೇಡ್ ಸಾಫ್ಟ್‌ವೇರ್ ಎಂಡಿಎಡಿಎಂ ಇದಕ್ಕಿಂತ ವಾಸಿ, ಆ ಜೋಡಿಯನ್ನು ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಹಾಕಿದರೆ ಗುರುತು ಹಿಡಿಯುತ್ತದೆ. ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಒಳಗೆ ಸ್ಟ್ರೈಪ್ಡ್ ವಾಲ್ಯೂಮ್ ಮಾಡಬಹುದು, ಆದರೆ ಅದರಿಂದ ವಿಂಡೋಸ್ ಬೂಟ್ ಆಗುವುದಿಲ್ಲ. ಮನೆಯಲ್ಲಿ ಬಿದ್ದಿರುವ 500 ಜಿಬಿಯ ಹಳೆಯದನ್ನು 1 ಟಿಬಿಯ ಹೊಸದಕ್ಕೆ ಜೋಡಿಸುವ ಯೋಚನೆ ಇದ್ದರೆ ಇನ್ನೂ ನಷ್ಟ. ರೇಡ್ 0 ಸಾಮಾನ್ಯವಾಗಿ ಸಣ್ಣದರ ಅಳತೆಯನ್ನೇ ಎರಡರಲ್ಲೂ ಹಿಡಿಯುತ್ತದೆ. ಒಟ್ಟು 1 ಟಿಬಿ ಸಿಗುತ್ತದೆ, ಅರ್ಧ ಟಿಬಿ ಸುಮ್ನೆ ಬಿದ್ದಿರುತ್ತದೆ.

ನಮ್ಮ ಬಿಸಿಲನ್ನೂ ಮರೆಯಬೇಡಿ. ಹೆಚ್ಚಿನ ಹಾರ್ಡ್ ಡಿಸ್ಕುಗಳಿಗೆ ಕಂಪನಿ ಹಾಕಿರುವ ಮಿತಿ 60 ಡಿಗ್ರಿ. ಮೇ ತಿಂಗಳಲ್ಲಿ ಹೊರಗೆ 42 ಇದ್ದಾಗ, ಶೀಟಿನ ಮನೆಯೊಳಗೆ, ಕೆಂಪು ಧೂಳು ತುಂಬಿದ ಕ್ಯಾಬಿನೆಟ್ಟಿನಲ್ಲಿ, ಒಂದರ ಮೇಲೊಂದು ಎರಡು ಡಿಸ್ಕ್ ಕೂರಿಸಿದರೆ ಆ ಮಿತಿ ದೂರವೇನಿಲ್ಲ. ಒಂದೇ ಡಿಸ್ಕ್ ಇರುವವರೂ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಆಗಾಗ ಶಾಖ ನೋಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಯಾರಿಗೂ ಬೇಡವಾ? ಕಳೆದುಹೋದರೆ ಪರವಾಗಿಲ್ಲ ಅನ್ನುವ ದೊಡ್ಡ ಫೈಲುಗಳಿಗೆ ಮಾಡಬಹುದು. ಮೂಲ ಬೇರೆ ಕಡೆ ಭದ್ರವಾಗಿದ್ದು ಇಲ್ಲಿ ಕೆಲಸಕ್ಕೆ ಮಾತ್ರ ಇಟ್ಟುಕೊಂಡ ವಿಡಿಯೋ, ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಗೇಮ್, ಇಂಥದ್ದಕ್ಕೆ. ಹಳೇ ಡಿಸ್ಕ್ ಎರಡು ಪುಕ್ಕಟೆ ಇದ್ದು ಆಟ ಆಡಿ ಕಲಿಯುವ ಹುಮ್ಮಸ್ಸಿದ್ದರೂ ಮಾಡಿ. ನಾನು ಬೇಡ ಅನ್ನುವುದು ಅದಕ್ಕಾಗಿ ದುಡ್ಡು ಕೊಟ್ಟು ಎರಡನೇ ಡಿಸ್ಕ್ ತರುವುದನ್ನು, ಮತ್ತು ಮನೆಯ ಫೋಟೋಗಳನ್ನು ಅದರಲ್ಲಿ ಇಡುವುದನ್ನು.

ಮಿರರ್ ಮಾಡುವ ರೇಡ್ 1 ಬೇರೆ ಜಾತಿ. ಎರಡು ಡಿಸ್ಕಿನಲ್ಲೂ ಅದೇ ಪ್ರತಿ. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಆದರೆ ನೀವೇ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಸಿಹೋಗುತ್ತದೆ. ವೈರಸ್ ಬಂದರೂ ಹಾಗೆಯೇ. ಸಿಡಿಲು ಹೊಡೆದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. ಫೋಟೋಗ್ರಾಫರ್ ಪೀಟರ್ ಕ್ರೋ ಬಳಕೆಗೆ ತಂದ 3-2-1 ಅನ್ನುವ ಲೆಕ್ಕ ಇದಕ್ಕಿಂತ ಗಟ್ಟಿ. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ.

ಹುಡುಗ ಕೊನೆಗೆ ಕೊಂಡಿದ್ದು ಒಂದು ಎನ್‌ವಿಎಂಇ ಎಸ್‌ಎಸ್‌ಡಿ. ವಿಂಡೋಸ್, ಎಡಿಟಿಂಗ್ ಸಾಫ್ಟ್‌ವೇರ್, ಸದ್ಯ ನಡೆಯುತ್ತಿರುವ ಮದುವೆ, ಇಷ್ಟು ಅದರಲ್ಲಿ. ಮುಗಿದ ಕೆಲಸ ಮೊದಲಿನ ಹಾರ್ಡ್ ಡಿಸ್ಕಿಗೆ ಹೋಗುತ್ತದೆ. "ಹಂಗಾರೆ ಎರಡನೇ ಡಿಸ್ಕು?" ಅಂದ. ಅದನ್ನು ಯುಎಸ್‌ಬಿ ಡಬ್ಬಿಗೆ ಹಾಕಿ, ಪ್ರತಿ ತೆಗೆದುಕೊಂಡು ಸಿರುಗುಪ್ಪದ ಅತ್ತೆ ಮನೆಯಲ್ಲಿ ಇಡು ಅಂದೆ. ಹೇಗೂ ತಿಂಗಳಿಗೊಮ್ಮೆ ಹೋಗುತ್ತಾನೆ, ಹೋದಾಗ ಹೊಸದನ್ನು ಸೇರಿಸಿ ಬರಬಹುದು.

ದಸರಾ ಆದ ಮೇಲೆ ಆ ಡಿಸ್ಕ್ ಹಿಡಿದುಕೊಂಡು ಬಂದ. ಕಂಪ್ಯೂಟರಿಗೆ ಹಾಕಿದರೆ ಕಾಣಿಸುತ್ತಿಲ್ಲವಂತೆ, ಗಾಬರಿಯಾಗಿದ್ದ. ಆಯುಧಪೂಜೆ ದಿನ ಅತ್ತೆ ಬೀರುವಿನಿಂದ ತೆಗೆದು, ಅಳಿಯನ ಸಾಮಾನು ಅಂತ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದರು. ಯುಎಸ್‌ಬಿ ತೂತಿನಲ್ಲಿ ಕುಂಕುಮ ಕೂತಿತ್ತು. ಒಣ ಬ್ರಷ್ಷಿನಲ್ಲಿ ತೆಗೆದುಕೊಟ್ಟೆ.